ಹುಡುಕಾಟದ ಪಟ್ಟಿಯಲ್ಲಿ ಯಾವ ಪುಸ್ತಕ ಮೊದಲು?: ಘಾತಾಂಕಗಳ ಒಂದು ಅನ್ವಯ ಪಾಠ

ಎಂಟನೆಯ ತರಗತಿಯಲ್ಲಿ ಘಾತಾಂಕಗಳನ್ನು ಬೋಧಿಸುವಾಗ ನಮ್ಮ ಉದಾಹರಣೆಗಳು ಗ್ರಹಗಳ ದೂರ, ಜೀವಕೋಶಗಳ ಅಳತೆಯಲ್ಲೇ ನಿಲ್ಲುತ್ತವೆ. ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲೂ 10ರ ಘಾತಗಳಿಗೆ ಕೆಲಸವಿದೆ. ಇದನ್ನು ಆಧರಿಸಿ ನಾನು ಒಂದು ಅವಧಿಯ ಪಾಠ ನಡೆಸಿದೆ.

ಪೀಠಿಕೆ: ಸೂಚಿಯಲ್ಲಿ ‘ಶಿವರಾಮ ಕಾರಂತ’ ಎಂದು ಹುಡುಕಿದರೆ ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಮೂಕಜ್ಜಿಯ ಕನಸುಗಳು’ ಮೂರೂ ಸಮನಾಗಿ ಹೊಂದುತ್ತವೆ. ಯಾವುದು ಮೇಲಿರಬೇಕು ಎಂದು ಕೇಳಿದೆ. ‘ಹೆಚ್ಚು ಮಂದಿ ಒಯ್ದದ್ದು’ ಎಂದರು ಮಕ್ಕಳು. ಹೊಂದಿಕೆ ಸಮವಿದ್ದಲ್ಲಿ ಇದು ಒಳ್ಳೆಯ ಉತ್ತರ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾಕ್‌ಲೈಫ್’ ಯೋಜನೆಯೂ ಎರವಲು ಮುಂತಾದ ಬಳಕೆಯ ಆಧಾರದಲ್ಲಿ ಪುಸ್ತಕಗಳಿಗೆ 1ರಿಂದ 100ರವರೆಗೆ ಅಂಕ ಕೊಟ್ಟಿತ್ತು. ಹೆಚ್ಚು ಬಳಕೆಯಾದ ಪುಸ್ತಕದ ನೀಲಿ ಬಣ್ಣ ಪರದೆಯಲ್ಲಿ ಗಾಢವಾಗಿರುತ್ತಿತ್ತು.

ಸಮಸ್ಯೆ: ಜಾನಪದ ವಾದ್ಯಗಳ ಬಗ್ಗೆ ಯೋಜನಾಕಾರ್ಯ ಮಾಡುವ ವಿದ್ಯಾರ್ಥಿನಿ ‘ದುಡಿ’ ಎಂದು ಹುಡುಕುತ್ತಾಳೆ. ಶೀರ್ಷಿಕೆಯಲ್ಲಿ ಪದವಿದ್ದರೆ 2 ಅಂಕ, ವಿಷಯ ಸೂಚಿಕೆಯಲ್ಲಿದ್ದರೆ 3 ಅಂಕ ಎಂದಿರಲಿ. 99 ಬಾರಿ ಎರವಲು ಹೋದ ‘ಚೋಮನ ದುಡಿ’ಗೆ 2 ಅಂಕ. ದುಡಿ ವಾದ್ಯದ ಬಗ್ಗೆಯೇ ಇರುವ, ಯಾರೂ ಒಯ್ಯದ ಹೊಸ ಕಿರುಹೊತ್ತಿಗೆಗೆ 5 ಅಂಕ. (ಸಂಖ್ಯೆಗಳು ಪಾಠಕ್ಕಾಗಿ ಕಲ್ಪಿಸಿದವು.)

ಎರವಲಿನ ಸಂಖ್ಯೆಯನ್ನು ನೇರವಾಗಿ ಕೂಡಿದರೆ ಕಾದಂಬರಿಗೆ 101, ಕಿರುಹೊತ್ತಿಗೆಗೆ 5. ಬೇಕಾದ ಪುಸ್ತಕ ಕೆಳಗೆ ಬಿತ್ತು. ಕೆಳಗಿದ್ದದ್ದು ಕಣ್ಣಿಗೆ ಬೀಳದು, ಆದ್ದರಿಂದ ಎರವಲೂ ಹೋಗದು. ಮುಂದಿನ ಸಲವೂ ಕೆಳಗೇ ಉಳಿಯುತ್ತದೆ.

ಪರಿಹಾರ: ಎರವಲಿನ ಸಂಖ್ಯೆಗೆ 1 ಕೂಡಿಸಿ, ಅದನ್ನು 10ರ ಘಾತವಾಗಿ ಬರೆದು, ಘಾತಾಂಕವನ್ನಷ್ಟೇ ಅಂಕವಾಗಿ ತೆಗೆದುಕೊಳ್ಳುವುದು. 99+1=100=10², ಅಂದರೆ 2 ಅಂಕ. 0+1=1=10⁰, ಅಂದರೆ 0. ಈಗ ಕಾದಂಬರಿಗೆ 4, ಕಿರುಹೊತ್ತಿಗೆಗೆ 5. 1 ಏಕೆ ಕೂಡಿಸಬೇಕು? 10ರ ಯಾವ ಘಾತವೂ ಸೊನ್ನೆಯಾಗದು. ಇದನ್ನು ಮಕ್ಕಳಿಂದಲೇ ಹೇಳಿಸಬೇಕು.

ಚರ್ಚೆ: ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಓದುಗರ ಪರ, ಮೂರನೆಯದು ಪುಸ್ತಕದ ಪರ ನಿಲ್ಲುತ್ತದೆ. ಜನಪ್ರಿಯತೆಯನ್ನು ಹೊಂದಿಕೆಗಿಂತ ಹಗುರವಾಗಿ ತೂಗಿದಾಗ ಎರಡಕ್ಕೂ ನ್ಯಾಯ ಸಿಗುತ್ತದೆ ಎಂಬುದೇ ಈ ಪಾಠದ ತಿರುಳು.

ಮೌಲ್ಯಮಾಪನ: (1) ಕಾದಂಬರಿ 999 ಬಾರಿ ಎರವಲು ಹೋಗಿದ್ದರೆ ಒಟ್ಟು ಅಂಕ ಎಷ್ಟು? (2) 9,999 ಬಾರಿ ಆದರೆ ಯಾವುದು ಮೇಲೆ? (3) ಹಾಗಾಗದಂತೆ ಜನಪ್ರಿಯತೆಯ ಅಂಕಕ್ಕೆ ಮಿತಿ ಹಾಕಬೇಕೆ? ಎಷ್ಟು? ಕಾರಣ ಕೊಡಿ.

ಮೊದಲೆರಡಕ್ಕೆ ಒಂದೊಂದೇ ಉತ್ತರ: 5 ಅಂಕಗಳ ಸಮಬಲ, ನಂತರ 6 ಅಂಕಗಳೊಂದಿಗೆ ಕಾದಂಬರಿ. ಮೂರನೆಯದಕ್ಕೆ ಹಲವು ಉತ್ತರಗಳು ಬರಬಹುದು. ಪ್ರಶಿಕ್ಷಣಾರ್ಥಿಗಳು ಅಲ್ಲಿ ಮಿತಿಯ ಸಂಖ್ಯೆಗಿಂತ ಮಕ್ಕಳು ಕೊಡುವ ಕಾರಣಕ್ಕೆ ಅಂಕ ಕೊಡಲಿ.