ರಾಮಸಮುದ್ರದಿಂದ ಕೆರಿಬಿಯನ್ ತನಕ: ಕೋಟೆ ಓದೋಕೆ ಮೂರು ಪ್ರಶ್ನೆಗಳು

ಯಾದಗಿರಿ ತಾಲೂಕಿನಲ್ಲಿ ರಾಮಸಮುದ್ರ ಅಂತ ಒಂದು ಊರಿದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ನಿಜವಾದ ಸಮುದ್ರ ಮುನ್ನೂರು ಕಿಲೋಮೀಟರಿಗಿಂತ ದೂರ. ಹಾಗಾದ್ರೆ ಇಂಥ ಹೆಸರು ಯಾಕೆ? ನಮ್ಮ ಹಿಂದಿನವರು ದೊಡ್ಡ ಕೆರೆಗೆ ಸಮುದ್ರ, ಸಾಗರ ಅಂತಲೇ ಹೆಸರಿಡ್ತಿದ್ರು. ಹೊಯ್ಸಳರ ದೋರಸಮುದ್ರ, ಅಂದ್ರೆ ಇವತ್ತಿನ ಹಳೇಬೀಡು, ಹೆಸರು ಪಡೆದಿದ್ದು ಕೆರೆಯಿಂದ. ಮಳೆ ಕಡಿಮೆ ಇರೋ ಸೀಮೆಯಲ್ಲಿ ಕಟ್ಟಿ ನಿಲ್ಲಿಸಿದ ನೀರೇ ಸಮುದ್ರ.

ಇತ್ತ ಹಾಸ್ಟೆಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಎಲ್ಲರ ಫೋನ್‌ನಲ್ಲೂ ಓಡೋದು ಬೇರೆ ಸಮುದ್ರ. ಕೆರಿಬಿಯನ್ ದ್ವೀಪಗಳ ರೀಲ್ಸ್: ನೀಲಿ ನೀರು, ಬಿಳಿ ಮರಳು, ರೆಸಾರ್ಟ್, ಹಿನ್ನೆಲೆಯಲ್ಲಿ ಒಂದು ಹಳೇ ಕೋಟೆ. ನೋಡೋಕೆ ಚೆನ್ನಾಗಿದೆ, ತಪ್ಪೇನಿಲ್ಲ. ಆದ್ರೆ ಆ ಕೋಟೆ ಅಲ್ಲಿ ಯಾಕಿದೆ ಅಂತ ಯಾವ ರೀಲೂ ಹೇಳಲ್ಲ. ಯಾದಗಿರಿ ಬೆಟ್ಟದ ಮೇಲಿನ ಕೋಟೆಗೆ ಹೋದವರೂ ಅಷ್ಟೇ, ಸೆಲ್ಫಿ ತೆಗೆದು ಇಳಿದು ಬರ್ತಾರೆ.

ಆದ್ದರಿಂದ ಈ ಸಲದ ಪಾಠ: ಕೋಟೆಯನ್ನು ಓದೋದು ಹೇಗೆ? ಇತಿಹಾಸದ ಡಿಗ್ರಿ ಬೇಕಾಗಿಲ್ಲ. ಮೂರು ಪ್ರಶ್ನೆ ಸಾಕು. ನೀರು ಎಲ್ಲಿಂದ ಬಂತು? ತೋಪು ಯಾರ ಕಡೆ ಮುಖ ಮಾಡಿದೆ? ಕಲ್ಲು ಹೊತ್ತವರು ಯಾರು, ಹೆಸರು ಉಳಿದಿದ್ದು ಯಾರದು? ಈ ಮೂರನ್ನೂ ನಮ್ಮ ಕಡೆಯ ಕೋಟೆಗಳಿಗೂ ಕೆರಿಬಿಯನ್ ಕೋಟೆಗಳಿಗೂ ಹಚ್ಚಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ

1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಬಂದಿಳಿದ. ಮೊದಲು ಸ್ಪೇನ್, ಆಮೇಲೆ ಇಂಗ್ಲೆಂಡ್, ಫ್ರಾನ್ಸ್, ಹಾಲೆಂಡ್ ಆ ದ್ವೀಪಗಳಿಗಾಗಿ ಕಿತ್ತಾಡಿದವು. ಕಾರಣ ಸರಳ. ಸ್ಪೇನ್‌ಗೆ ಅಮೆರಿಕದ ಬೆಳ್ಳಿ ಬಂಗಾರ ಸಾಗಿಸೋಕೆ ಬಂದರು ಬೇಕಿತ್ತು, ಉಳಿದವರಿಗೆ ಸಕ್ಕರೆ ಬೇಕಿತ್ತು. ಕಬ್ಬಿನ ತೋಟಗಳಲ್ಲಿ ದುಡಿಯೋಕೆ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಹಡಗು ತುಂಬಿಸಿ ತಂದ್ರು. ಈ ಸಂಪತ್ತಿಗೆ ಕಾವಲಾಗಿ ಎದ್ದಿದ್ದೇ ಆ ಕೋಟೆಗಳು.

ನಮ್ಮ ಕಡೆ ಕಥೆ ಬೇರೆ. ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳ ಮೇಲೆ ಬೇರೆ ಬೇರೆ ಕಾಲದ ಅರಸರು ಕೋಟೆ ಕಟ್ಟಿಕೊಂಡ್ರು, ಬಹಮನಿ ಮತ್ತು ಆದಿಲಶಾಹಿ ಸುಲ್ತಾನರ ಕಾಲ ನಡೀತು, ಸುರಪುರದಲ್ಲಿ ಬೇಡ ನಾಯಕರು ಆಳಿದ್ರು. ಬ್ರಿಟಿಷರು ಇಲ್ಲಿಗೆ ಬಂದಿದ್ದು ತಡವಾಗಿ, ಅದೂ ಬೇರೆ ದಾರಿಯಲ್ಲಿ. ಅದನ್ನು ಎರಡನೇ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ 1: ನೀರು ಎಲ್ಲಿಂದ?

ಗೋಡೆ ಎಷ್ಟೇ ದಪ್ಪ ಇರಲಿ, ಒಳಗೆ ನೀರು ಖಾಲಿಯಾದ್ರೆ ಕೋಟೆ ಬಿತ್ತು ಅಂತಲೇ ಲೆಕ್ಕ. ಪೋರ್ಟೊ ರಿಕೊದ ಸಾನ್ ಹುವಾನ್ ನಗರದಲ್ಲಿ ಸಾನ್ ಕ್ರಿಸ್ಟೋಬಲ್ ಅನ್ನೋ ಸ್ಪೇನಿನವರ ಕೋಟೆ ಇದೆ. ಎದುರಿಗೇ ಸಮುದ್ರ, ಆದ್ರೆ ಕುಡಿಯೋಕೆ ಒಂದು ಹನಿ ಬರಲ್ಲ. ಹಾಗಾಗಿ ಅದರ ಅಂಗಳದ ಕೆಳಗೆ ಐದು ದೊಡ್ಡ ತೊಟ್ಟಿ ಕಟ್ಟಿದ್ರು. ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಅದರೊಳಗೆ ಸೇರ್ತಿತ್ತು. ನಾವು ಈಗ ಮಳೆನೀರು ಕೊಯ್ಲು ಅಂತ ಪ್ರಾಜೆಕ್ಟ್ ಮಾಡೋದು ಇದನ್ನೇ.

ಯಾದಗಿರಿ ಕೋಟೆಯಲ್ಲೂ ಅದೇ ಬುದ್ಧಿ. ಬೆಟ್ಟ ಪೂರ್ತಿ ಗಟ್ಟಿ ಕಲ್ಲು, ನೀರು ಇಂಗೋದು ಕಡಿಮೆ. ಬಿದ್ದ ಮಳೆ ಹರಿದು ತಗ್ಗಿಗೆ ಬರುತ್ತೆ, ಅಲ್ಲಿ ಹೊಂಡ, ಬಾವಿ. ಬಿಸಿಲಿಗೆ ಕಾದು ಕಾಲು ಸುಡೋ ಬಂಡೆಯೇ ಮಳೆಗಾಲದಲ್ಲಿ ಕ್ಯಾಚ್‌ಮೆಂಟ್.

ಒಂದು ಲೆಕ್ಕ ಮಾಡೋಣ. 1000 ಚದರ ಮೀಟರ್ ಬಂಡೆ ಇದೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಇಟ್ಕೊಳ್ಳಿ. 1000 × 0.6 = 600 ಘನ ಮೀಟರ್, ಅಂದ್ರೆ 6 ಲಕ್ಷ ಲೀಟರ್. ಅರ್ಧ ಆವಿಯಾಗಿ, ಸೋರಿ ಹೋಯ್ತು ಅಂದ್ಕೊಂಡ್ರೂ 3 ಲಕ್ಷ ಲೀಟರ್ ಉಳಿಯುತ್ತೆ. ಕೋಟೆಯಲ್ಲಿ 100 ಜನ, ತಲೆಗೆ ದಿನಕ್ಕೆ 5 ಲೀಟರ್ ಅಂದ್ರೆ ದಿನಕ್ಕೆ 500 ಲೀಟರ್. 3 ಲಕ್ಷ ಭಾಗಿಸು 500, ಉತ್ತರ 600 ದಿನ. ಕುದುರೆ, ದನಗಳಿಗೂ ನೀರು ಬೇಕು, ಅದನ್ನು ಸೇರಿಸಿದ್ರೆ ದಿನ ಕಡಿಮೆ ಆಗುತ್ತೆ. ಆದ್ರೂ ಒಂದು ಮುತ್ತಿಗೆ ತಡೆಯೋಕೆ ಸಾಕು. ಈ ಲೆಕ್ಕ ಗೊತ್ತಿದ್ದವರು ನಮ್ಮ ಬೆಟ್ಟದ ಮೇಲೆ ಕೆಲಸ ಮಾಡಿದ್ದಾರೆ. ಅವರಿಗೆ ಕ್ಯಾಲ್ಕುಲೇಟರ್ ಇರಲಿಲ್ಲ ಅಷ್ಟೇ.

ಪ್ರಶ್ನೆ 2: ತೋಪು ಯಾರ ಕಡೆ?

ತೋಪಿನ ಮೂತಿ ತೋರಿಸೋ ದಿಕ್ಕಿನಲ್ಲೇ ಕಟ್ಟಿದವರ ಭಯ ಇರುತ್ತೆ. ಸಾನ್ ಹುವಾನ್‌ನ ಎಲ್ ಮೊರೊ ಕೋಟೆಯ ಕೆಲಸ 1539ರಲ್ಲಿ ಶುರುವಾಯ್ತು. ಭಯ ಸಮುದ್ರದ್ದು, ಹಾಗಾಗಿ ತೋಪುಗಳೂ ಸಮುದ್ರದ ಕಡೆ. 1595ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಹಡಗು ತಂದಾಗ ಡಿಸೈನ್ ಕೆಲಸ ಮಾಡ್ತು, ಅವನು ಸೋತು ಹಿಂದಿರುಗಿದ. ಮೂರೇ ವರ್ಷಕ್ಕೆ, 1598ರಲ್ಲಿ, ಕಂಬರ್ಲೆಂಡಿನ ಅರ್ಲ್ ಬೇರೆ ಕಡೆ ಇಳಿದು ನೆಲದ ದಾರಿಯಿಂದ ಬಂದು ಕೋಟೆ ಹಿಡಿದ. ಆಮೇಲೆ ನೆಲದ ಕಡೆ ಕಾಯೋಕೆ ಅಂತಲೇ ಕಟ್ಟಿದ್ದು ನಾವು ಮೇಲೆ ನೋಡಿದ ಸಾನ್ ಕ್ರಿಸ್ಟೋಬಲ್. ಎಲ್ಲಿ ಫೇಲ್ ಆಯ್ತೋ ಅಲ್ಲೇ ಹೊಸ ಡಿಸೈನ್.

ಗೋಡೆಯ ಆಕಾರ ಕೂಡ ಗಮನಿಸಿ. ನಮ್ಮ ಕಡೆ ಕೊತ್ತಲ ಹೆಚ್ಚಾಗಿ ದುಂಡಗಿರುತ್ತೆ. ಹಳ್ಳಿಗಳಲ್ಲಿ ಇರೋ ಹುಡೇವು ನೋಡಿದ್ದೀರಲ್ಲ, ಅದೂ ಹಾಗೇ. ದುಂಡಗಿನ ಗೋಡೆಗೆ ಬಡಿದ ಗುಂಡು ಜಾರಿ ಹೋಗುತ್ತೆ, ಮುರಿಯೋಕೆ ಮೂಲೆ ಸಿಗಲ್ಲ. ಆದ್ರೆ ಅದರಲ್ಲಿ ಒಂದು ಕೊರತೆ ಇದೆ. ದುಂಡು ಕೊತ್ತಲದ ಮೂತಿಯ ಬುಡದಲ್ಲಿ ಶತ್ರು ನಿಂತರೆ ಪಕ್ಕದ ಕೊತ್ತಲದವರಿಗೆ ಕಾಣಲ್ಲ. ಯುರೋಪಿನವರು ಇದಕ್ಕೆ ಬಾಣದ ತುದಿಯಂಥ ಚೂಪು ಕೊತ್ತಲ ಮಾಡಿದ್ರು. ಆಗ ಪ್ರತಿ ಗೋಡೆಯ ಬುಡವೂ ಪಕ್ಕದ ತೋಪಿಗೆ ನೇರವಾಗಿ ಸಿಗುತ್ತೆ. ಕೆರಿಬಿಯನ್ ಕೋಟೆಗಳನ್ನು ಮೇಲಿನಿಂದ ನೋಡಿದ್ರೆ ಚೂಪು ಚೂಪಾಗಿ ಕಾಣೋದು ಅದಕ್ಕೇ. ಗೂಗಲ್ ಮ್ಯಾಪ್‌ನಲ್ಲಿ ಒಮ್ಮೆ ನೋಡಿ.

ಈಗ ಸುರಪುರದ ಹತ್ತಿರದ ವಾಗಿನಗೇರಾಕ್ಕೆ ಬನ್ನಿ. 1705ರಲ್ಲಿ ಔರಂಗಜೇಬ ತಾನೇ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ, ಅದೇ ಅವನ ಕೊನೆಯ ಮುತ್ತಿಗೆ. ಒಳಗಿದ್ದವನು ಬೇಡ ನಾಯಕ ಪಿಡ್ಡನಾಯಕ. ಫೆಬ್ರವರಿಯಿಂದ ಏಪ್ರಿಲ್ ತನಕ ಮೊಗಲ್ ಸೈನ್ಯ ಅಲ್ಲೇ ಸಿಕ್ಕಿಹಾಕಿಕೊಂಡಿತು. ನಾಯಕನ ನೆರವಿಗೆ ಮರಾಠರೂ ಬಂದಿದ್ರು. ಕೊನೆಗೆ ನಾಯಕನ ಕಡೆಯವರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ರು, ಬಾದಶಹನ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ಹೊರಗೆ ಹೋಗೋ ದಾರಿಯೂ ಕೋಟೆಯ ಒಂದು ಭಾಗ ಅನ್ನೋದು ಇಲ್ಲಿನ ಪಾಠ. ನಾಯಕರ ಮನೆತನ ಆಮೇಲೂ ಸುರಪುರದಲ್ಲಿ ನೂರೈವತ್ತು ವರ್ಷ ಉಳೀತು.

ಹಾಗೆ ಉಳಿದ ರಾಜ್ಯವನ್ನು ಮುಗಿಸಿದ್ದು ಒಂದು ತೋಪಿಲ್ಲದ ಮನೆ. ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿದ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ. ಅರಸ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಸಂಸ್ಥಾನದ ಮೇಲೆ ಬಾಕಿ ಹಣದ ಹೊರೆ. ಹುಡುಗ ದೊಡ್ಡವನಾಗೋ ತನಕ ಆಡಳಿತ ನೋಡಿಕೊಳ್ಳೋಕೆ ಅಂತ ಟೇಲರ್ 1853ರವರೆಗೆ ಇದ್ದ. ಈ ಬಂಗಲೆಗೆ ಕಂದಕ ಇಲ್ಲ, ಕೊತ್ತಲ ಇಲ್ಲ. ಲೆಕ್ಕದ ಪುಸ್ತಕ, ಒಪ್ಪಂದದ ಕಾಗದ, ಬೇಕಾದಾಗ ಕರೆಸಬಹುದಾದ ಸೈನ್ಯ, ಇಷ್ಟಿದ್ರೆ ಗೋಡೆ ಯಾಕೆ?

ಪ್ರಶ್ನೆ 3: ಕಲ್ಲು ಹೊತ್ತವರು ಯಾರು, ಹೆಸರು ಯಾರದು?

ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಬ್ರಿಮ್‌ಸ್ಟೋನ್ ಹಿಲ್ ಅನ್ನೋ ಬ್ರಿಟಿಷ್ ಕೋಟೆ ಇದೆ. ಕಡಿದಾದ ಗುಡ್ಡ, ಮೇಲೆ ಭಾರೀ ಕಲ್ಲಿನ ಕೆಲಸ. ಬ್ರಿಟಿಷ್ ಸೇನೆಯ ಇಂಜಿನಿಯರುಗಳು ನಕ್ಷೆ ಹಾಕಿದ್ರು, ಕಟ್ಟಿದ್ದು ಆಫ್ರಿಕಾದಿಂದ ತಂದ ಗುಲಾಮರು. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಇಂದು ಅಲ್ಲಿ ಕೋಟೆಯ ಕಥೆ ಹೇಳುವಾಗ ಆ ಗುಲಾಮರ ದುಡಿಮೆಯನ್ನೂ ಹೇಳ್ತಾರೆ. ಆದ್ರೆ ಆ ಜನರಲ್ಲಿ ಬಹುಪಾಲು ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ.

ಹೈಟಿಯ ಸಿಟಡೆಲ್ ಇದಕ್ಕೆ ಉಲ್ಟಾ. ಅಲ್ಲಿನ ಗುಲಾಮರು ದಂಗೆ ಎದ್ದು ಫ್ರೆಂಚರನ್ನು ಓಡಿಸಿ 1804ರಲ್ಲಿ ಸ್ವತಂತ್ರರಾದ್ರು. ಫ್ರೆಂಚರು ಮತ್ತೆ ಬಂದ್ರೆ ಅನ್ನೋ ಭಯಕ್ಕೆ ಆನ್ರಿ ಕ್ರಿಸ್ಟೋಫ್ ಬೆಟ್ಟದ ತುದಿಯಲ್ಲಿ ಈ ಕೋಟೆ ಕಟ್ಟಿಸಿದ. ಶತ್ರು ಬರಲೇ ಇಲ್ಲ. ಸ್ವಾತಂತ್ರ್ಯದ ಕೋಟೆ ನಿಜ, ಆದ್ರೆ ಅದಕ್ಕೂ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಿದ್ರು. ಹಾಗಾಗಿ ಈ ಪ್ರಶ್ನೆಯನ್ನು ಪರದೇಶದ ಅರಸರಿಗೆ ಮಾತ್ರ ಕೇಳಿ, ನಮ್ಮವರನ್ನು ಬಿಟ್ಟುಬಿಡೋ ಹಾಗಿಲ್ಲ.

ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡೋ ಕಾಯ್ದೆ ತಂದಾಗ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ದುಡಿದವರಿಗಲ್ಲ, ಮಾಲೀಕರಿಗೆ. ಕಬ್ಬಿನ ತೋಟಕ್ಕೆ ಆಳು ಬೇಕಾಯ್ತು, ಭಾರತದಿಂದ ಕರಾರು ಕೂಲಿಗಳನ್ನು ಕರೆದೊಯ್ದರು. ಟೇಲರ್ ಮಂಜಿಲ್ ಎದ್ದ ಮರುವರ್ಷ, 1845ರ ಮೇ 30ರಂದು, ಫತೆಲ್ ರಜಾಕ್ ಅನ್ನೋ ಹಡಗು ಭಾರತದ ಕೂಲಿಗಳನ್ನು ಹೊತ್ತು ಟ್ರಿನಿಡಾಡ್ ತಲುಪಿತು. ರೀಲ್ಸ್‌ನಲ್ಲಿ ಕಾಣೋ ದ್ವೀಪ ನಮಗೆ ಅಷ್ಟೇನೂ ದೂರದ್ದಲ್ಲ.

ಇನ್ನು ಸುರಪುರ. ಬೆಳೆದು ಅರಸನಾದ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತ. ಸೋತ ಮೇಲೆ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಚಿಕ್ಕಂದಿನಿಂದ ತನ್ನನ್ನು ಅಪ್ಪ ಅಂತ ಕರೀತಿದ್ದ ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಇಳಿಸಿ ಕೊನೆಗೆ ನಾಲ್ಕು ವರ್ಷದ ಸೆರೆವಾಸ ಮಾಡಿದ್ರಂತೆ. ಆದ್ರೆ ಸೆರೆಗೆ ಒಯ್ಯೋ ದಾರಿಯಲ್ಲಿ ಅರಸ ತಾನೇ ಗುಂಡು ಹಾರಿಸಿಕೊಂಡು ಸತ್ತ ಅನ್ನೋದು ಟೇಲರ್ ಕೊಡೋ ವಿವರ. ಸುರಪುರದ ಜನರಿಗೆ ಅವನು ಸ್ವಾತಂತ್ರ್ಯಕ್ಕೆ ಪ್ರಾಣ ಕೊಟ್ಟ ಅರಸ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಟೇಲರ್ ಕೆಟ್ಟವನಾ ಒಳ್ಳೆಯವನಾ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಈ ಸೀಮೆಯ ಕಬ್ಬಿಣ ಯುಗದ ಕಲ್ಲುಗೋರಿಗಳನ್ನು ಮೊದಮೊದಲು ಅಳೆದು ಬರೆದವನು ಅವನೇ. ನಾಯಕರ ಕಾಲದ ಬೋನಾಳ ಕೆರೆಯನ್ನು ಸುಧಾರಿಸಿದವನೂ ಅವನೇ. ಅಪ್ಪ ಅಂತ ಕರೆಸಿಕೊಂಡು, ಆ ಮಗುವಿನ ರಾಜ್ಯ ಹೋದಾಗ ಅದೇ ಸರ್ಕಾರದ ಅಧಿಕಾರಿಯಾಗಿ ಸುರಪುರಕ್ಕೆ ಮರಳಿದವನೂ ಅವನೇ. ಮನೆಗೆ ಅವನ ಹೆಸರು ಉಳಿದಿದೆ. ಪ್ರವಾಸಿಗೆ ಎರಡೂ ಕಥೆ ಹೇಳಬೇಕು. ಒಂದೇ ಹೇಳಿದ್ರೆ ಅದು ಜಾಹೀರಾತು.

ರೆಸಾರ್ಟಿಗೂ ಇದೇ ಪ್ರಶ್ನೆ

ಈಗ ರೀಲ್ಸ್‌ಗೆ ವಾಪಸ್ ಬರೋಣ. ಕೋಟೆಯ ಮೂರು ಪ್ರಶ್ನೆ ರೆಸಾರ್ಟಿಗೂ ಹಚ್ಚಿ.

ನೀರು ಎಲ್ಲಿಂದ? ಆಂಟಿಗುವಾದಂಥ ದ್ವೀಪ ಕುಡಿಯೋ ನೀರಿಗೆ ಹೆಚ್ಚಾಗಿ ಸಮುದ್ರದ ಉಪ್ಪು ತೆಗೆದ ನೀರನ್ನೇ ನಂಬಿದೆ. ಅಲ್ಲಿ ಈಜುಕೊಳ ತುಂಬಿಸೋದು ಸಣ್ಣ ಮಾತಲ್ಲ.

ಗೇಟು ಯಾರ ಕಡೆ? ಬಾರ್ಬಡೋಸ್‌ನಲ್ಲಿ ಕಡಲತೀರ ಎಲ್ಲರದು. ಜಮೈಕಾದಲ್ಲಿ 1956ರ ಕಡಲತೀರ ಕಾಯ್ದೆ ತೀರದ ಮೇಲೆ ಜನರಿಗೆ ಸಾಮಾನ್ಯ ಹಕ್ಕು ಕೊಡಲ್ಲ. ಹುಟ್ಟಿದ ಊರಿನ ಸಮುದ್ರಕ್ಕೆ ಇಳಿಯೋಕೆ ಊರಿನವರು ಹೋರಾಡಬೇಕಾಗಿದೆ.

ದುಡಿದವರು ಯಾರು? ಊಟ, ವಸತಿ, ವಿಮಾನ ಎಲ್ಲದರ ದುಡ್ಡನ್ನೂ ಪ್ರವಾಸಿ ತನ್ನ ದೇಶದಲ್ಲೇ ಕಟ್ಟಿ ಬಂದ್ರೆ ದ್ವೀಪದವರಿಗೆ ಸಿಗೋದು ಸಂಬಳ ಮಾತ್ರ. ಗೇಟಿನ ಹೊರಗೆ ಎಳನೀರು ಮಾರೋವನಿಗೆ ಅದೂ ಇಲ್ಲ.

ಇದು ನಮಗೆ ಯಾಕೆ ಬೇಕು? ನಮ್ಮ ಜಿಲ್ಲೆಯಿಂದ ಎಷ್ಟೋ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಮುಂಬೈಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗ್ತಾರೆ. ಅವರು ಕಟ್ಟೋ ಅಪಾರ್ಟ್‌ಮೆಂಟ್ ಮೇಲೆ ಬಿಲ್ಡರ್ ಹೆಸರು ಇರುತ್ತೆ. ಇನ್ನೆರಡು ವರ್ಷಕ್ಕೆ ನಮ್ಮಲ್ಲೇ ಕೆಲವರು ಹೆಲ್ಮೆಟ್ ಹಾಕ್ಕೊಂಡು ಅದೇ ಸೈಟಲ್ಲಿ ನಿಲ್ತೀವಿ. ಮೂರನೇ ಪ್ರಶ್ನೆಗೆ ಉತ್ತರ ಆಗ ನಮ್ಮ ಕೈಯಲ್ಲೇ ಇರುತ್ತೆ: ಹಾಜರಿ ಪುಸ್ತಕದಲ್ಲಿ ಹೆಸರು, ವಾರದ ಬಟವಾಡೆ, ಕುಡಿಯೋಕೆ ನೀರು.

ಯಾದಗಿರಿಗೂ ಪ್ರವಾಸಿಗಳು ಬರಲಿ. ರೈಲು ಇದೆ, ಕೋಟೆ ಇದೆ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣೋ ಬೆಟ್ಟ ಇದೆ, ಚಳಿಗಾಲದಲ್ಲಿ ಬೋನಾಳ ಕೆರೆಗೆ ವಲಸೆ ಹಕ್ಕಿಗಳು ಬರ್ತವೆ. ಬಂದವರು ಊರಿನವರ ಮನೆಯ ಜೋಳದ ರೊಟ್ಟಿ ತಿಂದು, ಊರಿನ ಹುಡುಗರ ಬಾಯಿಂದ ಕಥೆ ಕೇಳಿ ಹೋಗಲಿ. ಹೊಸ ಗೋಡೆ, ಹೊಸ ಗೇಟು ಬೇಡ.

ಮನೆಗೆಲಸ: ಈ ರಜೆಯಲ್ಲಿ ನಿಮ್ಮೂರಿನ ಕೋಟೆಗೋ ಹುಡೇವಿಗೋ ಹೋಗಿ. ಒಂದು ಟೇಪು, ಒಂದು ನೋಟ್‌ಬುಕ್, ಒಂದು ಬಾಟಲಿ ನೀರು ತಗೊಳ್ಳಿ. ಹೊಂಡದ ಉದ್ದ, ಅಗಲ, ಆಳ ಅಳೆದು ಎಷ್ಟು ಜನಕ್ಕೆ ಎಷ್ಟು ದಿನ ನೀರು ಅಂತ ಲೆಕ್ಕ ಹಾಕಿ. ಕೊತ್ತಲದ ಮೇಲೆ ನಿಂತು ಯಾವ ದಾರಿ ಕಾಣುತ್ತೆ ಅಂತ ನೋಡಿ. ಕೆಳಗಿಳಿದು ಊರಿನ ಹಿರಿಯರ ಹತ್ತಿರ ಕೂತು, ಇದನ್ನು ಕಟ್ಟಿದ್ದು ಯಾರು ಯಜಮಾನ್ರೇ, ಅಂತ ಕೇಳಿ. ಅವರು ಅರಸನ ಹೆಸರು ಹೇಳ್ತಾರೆ. ಕಲ್ಲು ಒಡೆದವರು ಯಾವ ಕೇರಿಯವರು, ಅಂತ ಮತ್ತೊಂದು ಸಲ ಕೇಳಿ. ಏನು ಹೇಳಿದ್ರೋ ಬರ್ಕೊಂಡು ಬನ್ನಿ, ಮುಂದಿನ ಸಂಚಿಕೆಗೆ ಹಾಕೋಣ.