ನಮ್ಮ ಗುಂಡಿಗೆ ಹೇಗಿದೆ? ಎಕೋ ಹೇಳುತ್ತದೆ

ನಾವು ದಿನವಿಡೀ ದುಡಿಯುತ್ತೇವೆ. ನೀರು ಹೊರುತ್ತೇವೆ. ಕಳೆ ಕೀಳುತ್ತೇವೆ. ಸುಸ್ತಾಗುವುದು ಸಹಜ. ಆದರೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬಂದರೆ? ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ? ಪಾದ ಊದಿಕೊಂಡರೆ? "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಅಂತ ಸುಮ್ಮನಿರಬಾರದು. ರಕ್ತ ಕಡಿಮೆ ಇರಬಹುದು. ಗುಂಡಿಗೆಯ ತೊಂದರೆಯೂ ಇರಬಹುದು. ಗುಂಡಿಗೆಯನ್ನು ನೋಡಿ ತಿಳಿಯಲು ಎಕೋ ಪರೀಕ್ಷೆ ಇದೆ.

ಗುಂಡಿಗೆಯ ಕೆಲಸ

ಗುಂಡಿಗೆ ನಮ್ಮ ಮುಷ್ಟಿಯಷ್ಟು ದೊಡ್ಡದು. ಅದರಲ್ಲಿ 4 ಕೋಣೆಗಳಿವೆ. 4 ಬಾಗಿಲುಗಳೂ ಇವೆ. ಈ ಬಾಗಿಲಿಗೆ ವಾಲ್ವ್ ಅಂತಾರೆ. ಗುಂಡಿಗೆ ಒಂದು ಪಂಪು. ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ. ನಾವು ಮಲಗಿದರೂ ಅದು ಮಲಗುವುದಿಲ್ಲ.

ಎಕೋ ಎಂದರೇನು?

ಬಾವಿಗೆ ಬಗ್ಗಿ "ಓ" ಎಂದರೆ ಬಾವಿಯೂ "ಓ" ಅನ್ನುತ್ತದೆ. ಇದು ಮಾರ್ದನಿ. ಇಂಗ್ಲಿಷಿನಲ್ಲಿ ಇದೇ ಎಕೋ. ಯಂತ್ರ ನಮ್ಮ ಎದೆಯೊಳಕ್ಕೆ ಸದ್ದು ಕಳಿಸುತ್ತದೆ. ಆ ಸದ್ದು ಕಿವಿಗೆ ಕೇಳುವುದಿಲ್ಲ. ಅದು ಗುಂಡಿಗೆಗೆ ತಾಗಿ ಮರಳಿ ಬರುತ್ತದೆ. ಯಂತ್ರ ಅದರಿಂದ ಚಿತ್ರ ಮಾಡುತ್ತದೆ. ಗುಂಡಿಗೆ ಬಡಿಯುವುದು, ಬಾಗಿಲು ತೆರೆದು ಮುಚ್ಚುವುದು ಟಿ.ವಿ.ಯಲ್ಲಿ ಕಂಡಂತೆ ಕಾಣುತ್ತದೆ. ಸ್ವೀಡನ್ ದೇಶದಲ್ಲಿ ಎಡ್ಲರ್ ಎಂಬ ಡಾಕ್ಟರು, ಹರ್ಟ್ಸ್ ಎಂಬ ವಿಜ್ಞಾನಿ 1953ರಲ್ಲಿ ಇದನ್ನು ಶುರು ಮಾಡಿದರು.

ಹೇಗೆ ಮಾಡ್ತಾರೆ?

ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಎದೆಗೆ ತಣ್ಣನೆಯ, ಲೋಳೆಯಂಥ ಜೆಲ್ಲು ಹಚ್ಚುತ್ತಾರೆ. ಚಿಕ್ಕ ಹಿಡಿಕೆಯನ್ನು ಒತ್ತಿ ಆಡಿಸುತ್ತಾರೆ. ಸೂಜಿ ಇಲ್ಲ. ಎಕ್ಸ್‌ರೇ ಕಿರಣವೂ ಇಲ್ಲ. ಬಸುರಿಯರೂ ಮಾಡಿಸಬಹುದು. ರವಿಕೆ ತೆಗೆಯಬೇಕು ಅಂತ ನಾಚಿ ಹಿಂದೆ ಸರಿಯುವುದು ಬೇಡ. ಹೊದೆಯಲು ಬಟ್ಟೆ ಕೇಳೋಣ. ಜೊತೆಗೆ ನರ್ಸಮ್ಮ ಇರಲಿ ಎನ್ನೋಣ.

ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಕಾಣುತ್ತದೆ. ಅದು ಒಳ್ಳೆ ರಕ್ತ, ಕೆಟ್ಟ ರಕ್ತ ಅಂತಲ್ಲ. ಹಿಡಿಕೆಯ ಕಡೆಗೆ ಬರುವ ರಕ್ತಕ್ಕೆ ಕೆಂಪು. ದೂರ ಹೋಗುವ ರಕ್ತಕ್ಕೆ ನೀಲಿ. ವಾಲ್ವ್ ಸೋರಿದರೆ ಇದರಿಂದ ಗೊತ್ತಾಗುತ್ತದೆ.

ಚೀಟಿ ಓದೋಣ

ಎಕೋ ಚೀಟಿಯಲ್ಲಿ ಇ.ಎಫ್. ಎಂಬ 2 ಇಂಗ್ಲಿಷ್ ಅಕ್ಷರ ಇರುತ್ತವೆ. ಮುಂದೆ ಒಂದು ಅಂಕಿ. ಎಡಗಡೆಯ ದೊಡ್ಡ ಕೋಣೆಯಲ್ಲಿ ರಕ್ತ ತುಂಬುತ್ತದೆ. ಒಂದು ಬಡಿತಕ್ಕೆ ಅದರಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು? ಅದೇ ಆ ಅಂಕಿ.

60 ಎಂದಿದ್ದರೆ "ಅಯ್ಯೋ, 40 ಹೋಯ್ತು" ಅಂತ ಹೆದರಬಾರದು. ಯಾವ ಗುಂಡಿಗೆಯೂ ಪೂರ್ತಿ ಬರಿದಾಗುವುದಿಲ್ಲ. 55ರಿಂದ 70 ಇದ್ದರೆ ಪಂಪು ಸರಿಯಾಗಿ ಒತ್ತುತ್ತಿದೆ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗುಂಡಿಗೆ ಬಳಲಿದೆ. ಔಷಧಿ ತಗೊಂಡು ಅಂಕಿ ಮತ್ತೆ ಏರಿದವರೂ ಇದ್ದಾರೆ. ಅಂಕಿ ಚೆನ್ನಾಗಿದ್ದರೂ ವಾಲ್ವ್ ಕೆಟ್ಟಿರಬಹುದು. ಆದ್ದರಿಂದ ಪೂರ್ತಿ ಚೀಟಿಯನ್ನು ಡಾಕ್ಟರಿಗೆ ತೋರಿಸಬೇಕು.

ಹೊಸ ಎಕೋ

ಈಗ ಇನ್ನೂ ಸೂಕ್ಷ್ಮವಾದ ಎಕೋ ಬಂದಿದೆ. ಅದಕ್ಕೆ ಸ್ಟ್ರೈನ್ ಎಕೋ ಅಂತಾರೆ. ಚಿತ್ರದಲ್ಲಿ ಗುಂಡಿಗೆಯ ಗೋಡೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಕಂಪ್ಯೂಟರು ಆ ಚುಕ್ಕಿಗಳ ಬೆನ್ನು ಹತ್ತುತ್ತದೆ. ಗೋಡೆಯ ಯಾವ ಭಾಗ ಎಷ್ಟು ಕುಗ್ಗಿತು ಎಂದು ಅಳೆಯುತ್ತದೆ. ಸ್ತನ ಕ್ಯಾನ್ಸರಿನ ಕೆಲವು ಔಷಧಿಗಳು ಗುಂಡಿಗೆಯನ್ನು ಬಳಲಿಸಬಹುದು. ಇ.ಎಫ್. ಇಳಿಯುವ ಮೊದಲೇ ಈ ಎಕೋ ಸುಳಿವು ಕೊಡಬಲ್ಲದು.

ಯಾರಿಗೆ ಹೆಚ್ಚು ಎಚ್ಚರ ಬೇಕು?

ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಬಾವು ಬಂದಿದ್ದರೆ ವಾಲ್ವ್ ಕೆಟ್ಟಿರಬಹುದು. ಬಸಿರಿನಲ್ಲಿ ಗುಂಡಿಗೆಗೆ ಕೆಲಸ ಹೆಚ್ಚು. ಅಲ್ಲಿಯವರೆಗೆ ಅಡಗಿದ್ದ ತೊಂದರೆ ಆಗ ಹೊರಗೆ ಬರುತ್ತದೆ. ಹೆರಿಗೆಯ ನಂತರವೂ ಗುಂಡಿಗೆ ಸೋಲಬಹುದು. ಬಾಣಂತಿಗೆ ಏದುಸಿರು ಬಂದರೆ "ಬಾಣಂತಿ ಸುಸ್ತು" ಎನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯೋಣ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆಗಳಿವೆ.

ಮಾತಾಡೋಣ

1. ಇ.ಎಫ್. 60 ಎಂದರೆ ಏನು ಅರ್ಥ?
2. ನಮ್ಮ ಓಣಿಯಲ್ಲಿ ಏದುಸಿರು ಪಡುವ ಅಕ್ಕ ಯಾರಾದರೂ ಇದ್ದಾರಾ? ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?