ಆಟದ ತರಬೇತಿಯೂ ಒಂದು ಕಸುಬು

ತರಬೇತುದಾರನೆಂದರೆ ನಮ್ಮ ಹಳ್ಳಿಗಳಿಗೆ ಹೊಸಬನೇನಲ್ಲ. ಗರಡಿಮನೆಯಲ್ಲಿ ಮಟ್ಟಿ ಹದಮಾಡಿಸಿ, ಹುಡುಗರಿಂದ ಸಾಮು ಮಾಡಿಸುತ್ತಿದ್ದ ವಸ್ತಾದರ ಕೆಲಸವೂ ಇದೇ ಆಗಿತ್ತು. ಆದರೆ ಅವರ ಹೊಟ್ಟೆಪಾಡಿಗೆ ಹೊಲವೇ ಗತಿ. ಈಗ ಅದೇ ಕೆಲಸಕ್ಕೆ ಓದು, ಪ್ರಮಾಣಪತ್ರ, ಸಂಬಳ ಎಲ್ಲವೂ ಬಂದಿವೆ. ಕಬಡ್ಡಿ, ಖೋ ಖೋ, ಓಟಗಳಲ್ಲಿ ಮುಂದಿರುವ ಮಕ್ಕಳ ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಎಳೆಯ ಹೋರಿಯನ್ನು ಮೊದಲ ದಿನವೇ ಯಾರೂ ಭಾರದ ನೇಗಿಲಿಗೆ ಹೂಡುವುದಿಲ್ಲ. ಹಗುರವಾದ ಎಳೆತದಿಂದ ಆರಂಭಿಸಿ, ಮೇವು ನೋಡಿಕೊಂಡು, ನಡುವೆ ಬಿಡುವು ಕೊಟ್ಟು ಪಳಗಿಸುತ್ತೇವೆ. ತರಬೇತುದಾರನೂ ಹೀಗೆಯೇ ವಾರವಾರಕ್ಕೆ ಶ್ರಮವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾನೆ. ಆಟಕ್ಕೆ ಮುಂಚೆ ಮೈ ಬಿಸಿಮಾಡಿಸುತ್ತಾನೆ. ಸಾಕೆನ್ನುವುದು ಯಾವಾಗ ಎಂಬುದು ಅವನಿಗೆ ಗೊತ್ತಿರಬೇಕು. ಕಷ್ಟವಾದ ಭಾಗ ಇದೇ.

ಪೆಟ್ಟಿನ ಆರೈಕೆಯೂ ಈ ವಿದ್ಯೆಯ ಒಂದು ಅಂಗ. ಕಾಲು ಉಳುಕಿದರೆ ಎಣ್ಣೆ ಹಚ್ಚಿ ಜೋರಾಗಿ ನೀವುವ ಅಭ್ಯಾಸ ನಮ್ಮಲ್ಲಿದೆ. ಹೊಸ ಉಳುಕಿಗೆ ಅದರಿಂದ ಊತ ಹೆಚ್ಚುತ್ತದೆ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು, ಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಡಬೇಕು. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಬೇಕು.

ಕೇರಳದ ಓ. ಎಂ. ನಂಬಿಯಾರ್ ವಾಯುಪಡೆಯಲ್ಲಿ ಕ್ರೀಡಾಪಟುವಾಗಿದ್ದರು. ದೇಶದ ಪರವಾಗಿ ಸ್ಪರ್ಧಿಸುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಆದರೆ ಪಟಿಯಾಲದಲ್ಲಿ ತರಬೇತಿ ವಿದ್ಯೆ ಕಲಿತು, ಕಣ್ಣೂರಿನ ಕ್ರೀಡಾ ವಿಭಾಗದಲ್ಲಿ ಪಿ. ಟಿ. ಉಷಾ ಎಂಬ ಹಳ್ಳಿ ಹುಡುಗಿಯನ್ನು ತಿದ್ದಿದರು. 1984ರ ಒಲಿಂಪಿಕ್ಸ್‌ನಲ್ಲಿ ಆಕೆಗೆ ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರರಲ್ಲೊಂದು ಭಾಗದಿಂದ. ದ್ರೋಣಾಚಾರ್ಯ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟ 1985ರಲ್ಲಿ ನಂಬಿಯಾರ್ ಅದನ್ನು ಪಡೆದರು.

ಅವರು ಕಲಿತ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾಯಿತು. ಅಲ್ಲಿಯ ಡಿಪ್ಲೊಮಾಕ್ಕೆ ಸಾಮಾನ್ಯವಾಗಿ ಪದವಿಯೂ ಮೇಲ್ಮಟ್ಟದ ಪಂದ್ಯಗಳಲ್ಲಿ ಆಡಿದ ದಾಖಲೆಯೂ ಬೇಕು. ಶಾಲೆಯ ದೈಹಿಕ ಶಿಕ್ಷಕರಾಗಲು ಪದವಿಯ ಮೇಲೆ ಬಿ.ಪಿ.ಎಡ್. ಮಾಡುತ್ತಾರೆ. ಪೆಟ್ಟಿನ ಆರೈಕೆಯನ್ನೇ ಕಸುಬಾಗಿ ಹಿಡಿಯುವವರು ಫಿಸಿಯೋಥೆರಪಿ ಓದಬೇಕು, ಅದಕ್ಕೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ ಅಗತ್ಯ. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲೇ ಇದನ್ನು ಯೋಚಿಸದಿದ್ದರೆ ಆಮೇಲೆ ದಾರಿ ಸುತ್ತಾಗುತ್ತದೆ.

ನನಗೆ ಚಿಂತೆಯಾಗುವುದು ಇಲ್ಲಿಯೇ. ಪಂದ್ಯದ ಬಹುಮಾನದ ಆಸೆಗೆ ಶಾಲೆ ಬಿಟ್ಟ ಹುಡುಗನಿಗೆ ಇಪ್ಪತ್ತೆರಡಕ್ಕೆ ಮಂಡಿ ಕೆಟ್ಟರೆ, ಆಟವೂ ಇಲ್ಲ, ಈ ಕಸುಬಿನ ಬಾಗಿಲೂ ಇಲ್ಲ. ಹುದ್ದೆಗಳು ಹೇರಳವಾಗಿವೆ ಎಂದು ನಾನು ಹೇಳಲಾರೆ. ಖಾಸಗಿ ಶಾಲೆಗಳಲ್ಲಿ ಅನೇಕರು ವರ್ಷದ ಕರಾರಿನ ಮೇಲೆ ದುಡಿಯುತ್ತಾರೆ. ಹೆಣ್ಣುಮಕ್ಕಳ ತಂಡಗಳಿಗೆ ಮಹಿಳಾ ತರಬೇತುದಾರರೂ ಬೇಕು, ಇದನ್ನು ಮನೆಯವರು ಗಮನಿಸಲಿ.

ಮಕ್ಕಳು ಗೆದ್ದ ಪ್ರಮಾಣಪತ್ರಗಳನ್ನು ಗೋಡೆಗೆ ಅಂಟಿಸಬೇಡಿ. ಪ್ರವೇಶದ ಸಮಯದಲ್ಲಿ ಮೂಲಪ್ರತಿ ಕೇಳುತ್ತಾರೆ. ಪಹಣಿ, ಪಟ್ಟಾಗಳ ಜೊತೆಯಲ್ಲೇ ಪೆಟ್ಟಿಗೆಯಲ್ಲಿಡಿ.